ದೋಣಿಗಿತ್ತಿ ಬಿಸಿಲಿಗೆ ಬಂದದ್ದು

ಓರಗಿತ್ತಿಯರು ಒಡವೆಗೆ ಜಗಳವಾಡುವುದುಂಟು, ಒಲೆಗೆ ಜಗಳವಾಡುವುದುಂಟು. ಈ ಮನೆಯ ಇಬ್ಬರು ಜಗಳವಾಡುತ್ತಿದ್ದದ್ದು ಕಿಟಕಿಯ ಪರದೆಗೆ.

ಕೆಳಗೆ ಗ್ಯಾಲರಿ, ಮೇಲೆ ಮನೆ. ಗ್ಯಾಲರಿಯ ಮುಂದೆ ಬೀದಿಗೆ ಮುಖಮಾಡಿದ ಆಳೆತ್ತರದ ಗಾಜಿನ ಕಿಟಕಿ. ಹಿಂದೆ ಪ್ರಿಂಟುಗಳ ಕೋಣೆ, ಅದಕ್ಕೂ ಹಿಂದೆ ಫ್ರೇಮು ಕಟ್ಟುವ ಕೊಠಡಿ. ಮಾವ ಬದುಕಿದ್ದಷ್ಟು ಕಾಲ ಇಡೀ ಕಟ್ಟಡವೇ ಜಪಾನಿ ಪ್ರಿಂಟುಗಳದ್ದಾಗಿತ್ತು. ಮರದ ಹಲಗೆಗಳನ್ನು ಕೆತ್ತಿ, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆಯಂತೆ ಕಾಗದದ ಮೇಲೆ ಒತ್ತಿ ತೆಗೆದ ಹಳೆಯ ಚಿತ್ರಗಳು ಅವು. ಕೆಂಪು ಕುಸುಬೆ ಹೂವಿನದು, ನೀಲಿ ಯಾವುದೋ ಕಾಡುಹೂವಿನ ರಸದ್ದು, ಎರಡೂ ಬೆರೆತರೆ ನೇರಳೆ. ಅಂಥ ಬಣ್ಣಕ್ಕೆ ಬಿಸಿಲು ಬಿತ್ತೆಂದರೆ ಕಥೆ ಮುಗಿದಂತೆಯೇ. ಆದ್ದರಿಂದ ಮಾವ ಕಿಟಕಿಗೆ ಕಂಬಳಿಯಷ್ಟು ದಪ್ಪದ ಪರದೆ ಹೊಲಿಸಿ, ಅದನ್ನು ಸರಿಸಿದವರ ಕೈ ಮುರಿಯುತ್ತೇನೆ ಎನ್ನುತ್ತಿದ್ದರು. ಕೈ ಮುರಿಸಿಕೊಂಡವರು ಯಾರೂ ಇಲ್ಲ. ಸರಿಸುವ ಧೈರ್ಯ ಮಾಡಿದವರೂ ಇಲ್ಲ.

ಅವರ ಇಬ್ಬರು ಗಂಡುಮಕ್ಕಳಿಗೂ ಕಾಗದದ ಮೇಲೆ ಮನಸ್ಸಿರಲಿಲ್ಲ. ದೊಡ್ಡ ಮಗನಿಗೆ ಉಳಿ, ಗರಗಸ ಕೈಗೆ ಕೂತವು. ಅವನು ಫ್ರೇಮು ಕಟ್ಟಲು ಕೂತ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಚಿಕ್ಕವನಿಗೆ ವ್ಯಾನಿನ ಸ್ಟಿಯರಿಂಗು ಕೈಗೆ ಕೂತಿತು. ಅವನು ಊರೂರು ಸುತ್ತಿ ಸಾಮಾನು ತರುವವನು, ತಲುಪಿಸುವವನು. ಮಾವನ ವಿದ್ಯೆಗೆ ಸಿಕ್ಕಿದವಳು ಹಿರಿಸೊಸೆ. ಮದುವೆಯಾಗಿ ಬಂದ ಹೊಸತರಲ್ಲೇ ಮಾವ ಅವಳ ಮುಂದೆ ಒಂದೇ ಚಿತ್ರದ ಎರಡು ಹಾಳೆಗಳನ್ನಿಟ್ಟು, ಯಾವುದು ಹಳೆಯದು, ಯಾವುದು ಆಮೇಲೆ ಕೆತ್ತಿದ್ದು ಎಂದು ಕೇಳಿದರು. ಮೊದಮೊದಲು ತಪ್ಪಿದಳು, ಬೈಸಿಕೊಂಡಳು. ಕೆಲವು ವರ್ಷಗಳಲ್ಲಿ ಮಾವನೇ ಹೊಸ ಹಾಳೆ ಬಂದಾಗ ಕನ್ನಡಕ ತೆಗೆದಿಟ್ಟು, "ನೀನೊಮ್ಮೆ ನೋಡಮ್ಮ" ಎನ್ನುವಂತಾಯಿತು. ಆ ಹೆಂಗಸಿಗೆ ಪ್ರಿಂಟು ತಾನಾಗಿ ಬಂದು ತನ್ನ ಜಾತಕ ಹೇಳುತ್ತದೆ ಎಂದು ಗಿರಾಕಿಗಳು ಆಡಿಕೊಂಡರು. ಈ ಮಾತು ಅವಳ ಕಿವಿಗೂ ಬಿದ್ದಿತ್ತು. ಬಿದ್ದದ್ದು ಕಿವಿಯಲ್ಲೇ ನಿಲ್ಲದೆ ನೆತ್ತಿಗೂ ಏರಿತ್ತು.

ಮಾವ ಹೋದ ಮೇಲೆ ಚಿಕ್ಕವಳು ಸೊಸೆಯಾಗಿ ಬಂದಳು. ಅಷ್ಟರಲ್ಲಿ ಪ್ರಿಂಟು ಕೊಳ್ಳುವವರೆಲ್ಲ ಮುದುಕರಾಗಿ ಒಬ್ಬೊಬ್ಬರೇ ಕಣ್ಣು ಮುಚ್ಚುತ್ತಿದ್ದರು. ಅವರ ಮಕ್ಕಳು ಅಪ್ಪಂದಿರ ಸಂಗ್ರಹವನ್ನು ಮಾರಲು ಬರುತ್ತಿದ್ದರೇ ಹೊರತು ಕೊಳ್ಳಲಲ್ಲ. ಮಾಳಿಗೆ ಸೋರುತ್ತಿತ್ತು. ಆಗ ಚಿಕ್ಕವಳು ತನ್ನ ಗೆಳತಿ ಬರೆದ ಒಂದು ದೊಡ್ಡ ಕ್ಯಾನ್ವಾಸನ್ನು ಮುಂದಿನ ಗೋಡೆಗೆ ಒಂದು ತಿಂಗಳ ಮಟ್ಟಿಗೆ ತೂಗುಹಾಕುತ್ತೇನೆ ಎಂದಳು. ತಿಂಗಳು ತುಂಬುವ ಮೊದಲೇ ಅದು ಮಾರಾಟವಾಯಿತು, ಮಾಳಿಗೆ ರಿಪೇರಿಯಾಯಿತು. ಆಮೇಲೆ ಅವಳನ್ನು ಹಿಡಿಯುವವರು ಯಾರು? ಕೂರಲು ಮಣೆ ಕೊಟ್ಟರೆ ಮಲಗಲು ಹಾಸಿಗೆ ಹಾಸಿದಳು. ಮುಂದಿನ ಗೋಡೆ ಹೋಯಿತು, ಪಕ್ಕದ ಗೋಡೆ ಹೋಯಿತು, ನಡುವಿನ ಹಾದಿಯ ಗೋಡೆಯೂ ಹೋಯಿತು. ಪ್ರಿಂಟುಗಳು ಹಿಂದಿನ ಒಂದೇ ಕೋಣೆಗೆ ಸರಿದು ಉಸಿರು ಬಿಗಿಹಿಡಿದು ಕೂತವು.

ಇಬ್ಬರ ನಾಲಿಗೆಯೂ ಹರಿತವಾದದ್ದೇ. ಮುಂದೆ ಮುರಿದ ಕುರ್ಚಿಗಳ ಗುಡ್ಡೆಯನ್ನು ಪ್ರದರ್ಶನಕ್ಕಿಟ್ಟಾಗ ದೊಡ್ಡವಳು ಗಿರಾಕಿಗಳ ಎದುರಲ್ಲೇ ಗಂಡನನ್ನು ಕರೆದು, "ರಿಪೇರಿಗೆ ಬಂದಿದೆ, ಬೇಗ ಮುಗಿಸಿಕೊಡಿ" ಎಂದಳು. ಚಿಕ್ಕವಳು ತನ್ನ ಗಿರಾಕಿಗಳಿಗೆ ಹಿಂದಿನ ಕೋಣೆಯನ್ನು ತೋರಿಸಿ, ಅಲ್ಲೊಂದು ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ, ಆದರೂ ಯಾರೂ ಬರಲ್ಲ ಎಂದಳು. ಮೇಲೆ ಒಂದೇ ಅಡುಗೆಮನೆ, ಒಂದೇ ಮೇಜು. "ಅಕ್ಕ, ಉಪ್ಪು ಕೊಡಿ" ಎನ್ನುವ ಮಾತಿನಲ್ಲೂ ಚೂರಿಯ ಅಲಗು ಮಿಂಚುತ್ತಿತ್ತು.

ಆ ವರ್ಷ ಚಿಕ್ಕವಳು ಹೊಸ ಕಲಾವಿದನೊಬ್ಬನನ್ನು ಹಿಡಿದು ತಂದಳು. ತಾನು ಹಿಂದೆ ಬರೆದ ಚಿತ್ರಗಳನ್ನೆಲ್ಲ ಸುಟ್ಟು, ಬೂದಿಯನ್ನು ಗಾಜಿನ ಭರಣಿಗಳಲ್ಲಿ ತುಂಬಿ ಮಾರಿ ಹೆಸರು ಮಾಡಿದವನು. ದೊಡ್ಡವಳು ಅವನಿಗೆ ಬೂದಿರಾಯ ಎಂದು ಹೆಸರಿಟ್ಟಳು. ಅತ್ತೆಯೂ ಹಾಗೇ ಕರೆಯತೊಡಗಿದರು; ಕೊನೆಗೆ ಚಿಕ್ಕವಳ ಬಾಯಲ್ಲೂ ಎರಡು ಸಲ ಅದೇ ಹೆಸರು ಬಂದುಬಿಟ್ಟಿತು.

ಬೂದಿರಾಯನ ಹೊಸ ಕೃತಿಯ ಹೆಸರು ‘ಬೇಸಿಗೆ’. ಅದಕ್ಕೆ ಅವನಿಗೆ ಬೇಕಾಗಿದ್ದದ್ದು ಬಣ್ಣ ಮಾಸದ, ನಿಜವಾದ ಹಳೆಯ ಪ್ರಿಂಟು. ಅದನ್ನು ಮುಂದಿನ ಕಿಟಕಿಯಲ್ಲಿ, ಪರದೆ ಕಿತ್ತೆಸೆದು, ಬೀದಿಗೆ ಮುಖಮಾಡಿ ತೂಗುಹಾಕುವುದು. ಅರ್ಧ ಚಿತ್ರಕ್ಕೆ ಕಪ್ಪು ಕಾಗದ ಮುಚ್ಚುವುದು, ಅರ್ಧವನ್ನು ಬಿಸಿಲಿಗೆ ಬಿಡುವುದು. ಬೇಸಿಗೆ ಮುಗಿದ ದಿನ ಎಲ್ಲರೆದುರು ಕಪ್ಪು ಕಾಗದ ಕಿತ್ತರೆ, ಇದ್ದದ್ದು ಇಲ್ಲಿ, ಹೋದದ್ದು ಅಲ್ಲಿ ಎಂದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಊರಾಚೆ ಬಟ್ಟೆ ಕಾರ್ಖಾನೆ ನಡೆಸುವ ಯಜಮಾನಿಯೊಬ್ಬಳು ಇದನ್ನು ಕೊಳ್ಳುತ್ತೇನೆಂದು ಆಗಲೇ ಮಾತು ಕೊಟ್ಟಿದ್ದಳು. ಇಡೀ ಬೇಸಿಗೆ ಬಿಸಿಲಲ್ಲಿತ್ತೆಂದು ಗ್ಯಾಲರಿಯವರು ಬರೆದುಕೊಡಬೇಕು ಎಂಬುದೊಂದೇ ಅವಳ ಷರತ್ತು. ಪ್ರಿಂಟು ಚೆನ್ನಾಗಿದ್ದಾಗ ಬರುವ ಬೆಲೆಗಿಂತ ಕೆಟ್ಟ ಮೇಲೆ ಬರುವ ಬೆಲೆಯೇ ಹೆಚ್ಚು.

ಊಟದ ಮೇಜಿನಲ್ಲಿ ಚಿಕ್ಕವಳು ಇದನ್ನು ಅತ್ತೆಯ ಮುಂದಿಟ್ಟಳು. ಅಂಗಡಿಯೂ ಸರಕೂ ಅತ್ತೆಯ ಹೆಸರಿನಲ್ಲೇ ಇದ್ದವು. ದೊಡ್ಡವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಕಟ್ಟಿಹಾಕಿ ಸಾಯಿಸೋದನ್ನ ನೋಡೋಕೆ ಜನ ಕರೀತೀಯಾ?" ಎಂದಳು.

"ಡ್ರಾಯರಲ್ಲಿ ಹಾಕಿ ಬೀಗ ಹಾಕಿದ್ರೆ ಬದುಕಿದ ಹಾಗಾ ಅಕ್ಕ? ಅದನ್ನ ನೋಡಿದವರು ಎಷ್ಟು ಜನ ಇದ್ದಾರೆ ಹೇಳಿ."

ಅತ್ತೆ ಇಬ್ಬರನ್ನೂ ನೋಡಲಿಲ್ಲ. ಅವರು ಮಾತಾಡಿದ್ದು ಸತ್ತುಹೋದ ಗಂಡನ ಮೇಲೆ ದೂರು ಹೇಳುವಂತಿತ್ತು. "ನಾನು ಈ ಮನೆಗೆ ಬಂದಾಗಿಂದ ಹಗಲು ಹೊತ್ತಲ್ಲಿ ದೀಪ ಹಚ್ಚಿಕೊಂಡು ಬದುಕಿದ್ದೀನಿ. ಒಂದು ಕಿಟಕಿ ತೆಗೀರಿ ಅಂದ್ರೆ, ಕಾಗದಕ್ಕೆ ಆಗಲ್ಲ ಅಂದ್ರು. ನನಗೆ ಆಗುತ್ತಾ ಅಂತ ಒಂದು ದಿನ ಕೇಳಲಿಲ್ಲ. ಸಂಜೆಯಾದ್ರೆ ನಿನ್ನನ್ನ ಕೂರಿಸಿಕೊಂಡು ಆ ಹಾಳೆಗಳ ಹತ್ತಿರ ಮಾತಾಡ್ತಿದ್ರು. ನನ್ನ ಹತ್ತಿರ ಏನಿತ್ತು ಮಾತಾಡೋಕೆ? ಮಾರೋಕೆ ಇಟ್ಟಿರೋ ಸಾಮಾನು ತಾನೇ. ಮಾರಲಿ ಬಿಡು."

ಅತ್ತೆಯ ಹೊಟ್ಟೆಯೊಳಗೆ ಇಷ್ಟು ಹಳೆಯ ಕೆಂಡವಿದೆಯೆಂದು ದೊಡ್ಡವಳಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಆ ಕೆಂಡದಲ್ಲಿ ತನ್ನ ಹೆಸರೂ ಇದೆ ಎಂಬುದಂತೂ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಚಿಕ್ಕವಳೂ ಬೂದಿರಾಯನೂ ಆರಿಸಲು ಹಿಂದಿನ ಕೋಣೆಗೆ ಬಂದರು. ದೊಡ್ಡವಳು ಅಂಚು ಹರಿದವು, ಹುಳು ತಿಂದವು, ನಟರ ಮುಖದ ಸಾಧಾರಣ ಚಿತ್ರಗಳು, ಹೀಗೆ ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಬೂದಿರಾಯ ಹುಚ್ಚನಾದರೂ ಕುರುಡನಲ್ಲ. ಇವು ಆಗಲೇ ಸತ್ತವು, ಇನ್ನೊಮ್ಮೆ ಸಾಯಿಸಲು ಆಗಲ್ಲ ಎಂದ. ಚಿಕ್ಕವಳು ಕೆಳಗಿನ ಡ್ರಾಯರನ್ನು ಎಳೆದು, ಮೇಲಿನ ಹೊದಿಕೆ ಸರಿಸಿದಳು.

ಅದು ದೋಣಿಗಿತ್ತಿ. ಹಾಗೆಂದು ಹೆಸರಿಟ್ಟದ್ದು ಮಾವ. ಸಂಜೆಯ ಹೊಳೆ, ದೋಣಿಯಲ್ಲಿ ಕೊಡೆ ಹಿಡಿದು ನಿಂತ ಹೆಂಗಸು, ಅವಳ ಹಿಂದೆ ನೇರಳೆ ಆಕಾಶ. ಕೆತ್ತಿದವನು ಯಾರೋ, ಹೆಸರೂ ಉಳಿದಿಲ್ಲ. ಯಾರದೋ ಮನೆಯ ಆಲ್ಬಮ್ಮಿನೊಳಗೆ ತಲೆಮಾರುಗಳ ಕಾಲ ಮುಚ್ಚಿಕೊಂಡಿದ್ದರಿಂದ ಅದರ ನೀಲಿ ಇನ್ನೂ ನಿನ್ನೆ ಹಿಂಡಿದ ಹೂವಿನ ಹಾಗಿತ್ತು. ಮಾವ ಅದಕ್ಕೆ ಎಂದೂ ಬೆಲೆ ಹೇಳಿರಲಿಲ್ಲ. ಯಾರಾದರೂ ಕೇಳಿದರೆ ತೋರಿಸುವರು, ಮುಚ್ಚುವರು.

"ಇದು," ಎಂದ ಬೂದಿರಾಯ.

ದೊಡ್ಡವಳು ಗಂಡನ ಹತ್ತಿರ ಹೋದಳು. ಫ್ರೇಮು ಕಟ್ಟಲ್ಲ ಎಂದು ಒಂದು ಮಾತು ಹೇಳಿ ಸಾಕು ಎಂದಳು. ಅವನು ಅಂಟಿನ ಬ್ರಷ್ಷನ್ನು ತೊಳೆಯುತ್ತ, ಅಮ್ಮ ಹೇಳಿಯಾಗಿದೆಯಲ್ಲ ಎಂದ. ಅಷ್ಟೇ. ಹಾಳೆಯನ್ನು ರಟ್ಟಿನ ಮೇಲೆ ಕೂರಿಸಿ, ಗಾಜು ತರಲು ಹೊರಗೆ ಹೋದ.

ಕೊಠಡಿಯಲ್ಲಿ ಅವಳೊಬ್ಬಳೇ ಉಳಿದಳು. ಪಕ್ಕದ ಕೋಣೆಯ ಡ್ರಾಯರಿನಲ್ಲಿ ಅದೇ ಚಿತ್ರದ ಇನ್ನೊಂದು ಹಾಳೆ ಇತ್ತು: ಸುಮಾರು ಒಂದು ಶತಮಾನ ಕಳೆದ ಮೇಲೆ, ಹೊಸ ಹಲಗೆ ಕೆತ್ತಿ, ಕಾರ್ಖಾನೆಯ ಬಣ್ಣದಲ್ಲಿ ತೆಗೆದ ನಕಲು. ಅವಳಿಗೆ ಕಲಿಸಲೆಂದೇ ಮಾವ ಕೊಂಡಿದ್ದರು. ಯೋಚಿಸಲು ಕೂತಿದ್ದರೆ ಅವಳು ಆ ಕೆಲಸ ಮಾಡುತ್ತಿರಲಿಲ್ಲವೇನೋ. ಕೈ ತಾನಾಗಿ ಹೋಯಿತು. ದೋಣಿಗಿತ್ತಿಯನ್ನು ರಟ್ಟಿನಿಂದ ಬಿಡಿಸಿದಳು, ಆ ಜಾಗದಲ್ಲಿ ನಕಲನ್ನು ಕೂರಿಸಿದಳು, ಅಸಲನ್ನು ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟಿ ಮೇಲಕ್ಕೆ ಒಯ್ದು ತನ್ನ ಬಟ್ಟೆ ಬೀರುವಿನ ಕೆಳಗಿನ ಖಾನೆಯಲ್ಲಿ, ಚಳಿಗಾಲದ ಸ್ವೆಟರುಗಳ ಅಡಿ ಸೇರಿಸಿದಳು.

ಗಂಡ ಗಾಜು ತಂದ. ಗಾಜನ್ನು ಕೂರಿಸಿ ಹಾಳೆಯ ಕಡೆ ಬಗ್ಗಿದಾಗ ಅವನ ಕೈ ಅರೆಗಳಿಗೆ ನಿಂತಿತು. ಆಮೇಲೆ ಮೊಳೆ ಬಡಿದ. ಅವನಿಗೇನು ಗೊತ್ತಾಗುತ್ತದೆ, ಮರ ಬಿಟ್ಟರೆ ಬೇರೆ ತಿಳಿಯದವನು ಎಂದು ಅವಳು ಸಮಾಧಾನ ಮಾಡಿಕೊಂಡಳು.

ಕಿಟಕಿಯ ಪರದೆ ಇಳಿಯಿತು. ಪತ್ರಿಕೆಯಲ್ಲಿ ಬಂತು. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಅತ್ತೆ ಕುರ್ಚಿ ತರಿಸಿಕೊಂಡು ಮುಂದಿನ ಹಾಲಿನಲ್ಲಿ ಬಿಸಿಲು ಕಾಯಿಸುತ್ತ ಕೂರತೊಡಗಿದರು. ಬಂದವರ ಜೊತೆ ಹರಟಿದರು, ನಕ್ಕರು, ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ದೊಡ್ಡವಳು ಮಾತ್ರ ಪಕ್ಕದ ಬಾಗಿಲಿನಿಂದ ಬಂದು ಪಕ್ಕದ ಬಾಗಿಲಿನಿಂದ ಹೋಗುತ್ತಿದ್ದಳು. ಮೊದಲ ವಾರಗಳಲ್ಲಿ ಕಿಟಕಿಯತ್ತ ತಲೆಯೆತ್ತದಿದ್ದದ್ದು ನಗು ಬಂದುಬಿಟ್ಟೀತೆಂಬ ಹೆದರಿಕೆಗೆ. ಒಳಗೊಳಗೇ ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಬಿಸಿಲು ಕಾರ್ಖಾನೆಯ ಬಣ್ಣವನ್ನು ನೆಕ್ಕಿ ನೆಕ್ಕಿ ಸುಸ್ತಾಗಲಿ ಎಂದುಕೊಂಡಳು. ಆಮೇಲೆ ನೋಡದಿರುವುದೇ ಅಭ್ಯಾಸವಾಯಿತು.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಫ್ರೇಮು ಕಿಟಕಿಯಲ್ಲಿ ಇಲ್ಲವೆಂದು ಅತ್ತೆ ಯಾರಿಗೋ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು. ಅವಳು ಫ್ರೇಮಿನ ಕೊಠಡಿಗೆ ಓಡಿದಳು. ಗಂಡ ಫ್ರೇಮನ್ನು ಬೋರಲು ಹಾಕಿಕೊಂಡು ಹಿಂಬದಿಗೆ ಟೇಪು ಅಂಟಿಸುತ್ತಿದ್ದ. ಚಿಕ್ಕವಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

"ಗಾಜಿನೊಳಗೆ ಹಬೆ ಕೂತಿತ್ತು ಅಕ್ಕ. ಭಾವ ಒರೆಸಿಕೊಟ್ರು," ಎಂದಳು.

ಗಂಡ ತಲೆಯೆತ್ತಲಿಲ್ಲ. ಚಿಕ್ಕವಳ ಮುಖದಲ್ಲಿ ಏನೂ ಕಾಣಲಿಲ್ಲ. ಗುಟ್ಟು ರಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಮನೆ ಮೇಲೆ ಕೆಳಗೆ ಆಗುತ್ತಿತ್ತು ಎಂದು ಲೆಕ್ಕ ಹಾಕಿ, ದೊಡ್ಡವಳು ನಿರಾಳವಾಗಿ ಹಿಂದಿರುಗಿದಳು.

ಅಲ್ಲಿಂದಾಚೆಗೆ ಸುದ್ದಿಗಳು ಬರತೊಡಗಿದವು. ಹಲ್ಲಿನ ಡಾಕ್ಟರೊಬ್ಬರು ಹಳೆಯ ಗಿರಾಕಿ, ಪ್ರಿಂಟೆಂದರೆ ಪ್ರಾಣ. ಅವರು ಹಿಂದಿನ ಕೋಣೆಗೆ ಬಂದು ಕೂತು, ಕಿಟಕಿಯಲ್ಲಿ ನೋಡಿ ಬಂದೆ, ನೀಲಿ ಹೊರಟುಹೋಗುತ್ತಿದೆ ಎಂದರು. ದೊಡ್ಡವಳು ಮುಖ ಸಣ್ಣಗೆ ಮಾಡಿಕೊಂಡು ಹೂಂಗುಟ್ಟಿದಳು. ಮನಸ್ಸಿನಲ್ಲಿ, ಇಷ್ಟು ವರ್ಷ ಪ್ರಿಂಟು ಕೊಂಡ ಮನುಷ್ಯ, ನಕಲು ಯಾವುದು ಅಸಲು ಯಾವುದು ಗೊತ್ತಾಗಲಿಲ್ಲವಲ್ಲ, ಬೇರೆಯವರ ಹಲ್ಲು ಹೇಗೆ ಕೀಳುತ್ತಾನೋ ಎಂದು ನಕ್ಕಳು. ಬೂದಿರಾಯ ವಾರವಾರ ಬಂದು ಫೋಟೋ ತೆಗೆಯುತ್ತಿದ್ದ. ಮೊದಲು ಹಠ ಹಿಡಿದಿತ್ತು, ಈಗ ಬಿಟ್ಟುಕೊಡುತ್ತಿದೆ ಎಂದು ಅತ್ತೆಗೆ ಹೇಳುತ್ತಿದ್ದ. ಮಾಸುತ್ತದೆ ಎಂದು ಹೇಳಿ ಕೂರಿಸಿದರೆ ಜನರಿಗೆ ಮಾಸಿದ್ದೇ ಕಾಣುತ್ತದೆ ಎಂದು ಅವಳು ತೀರ್ಮಾನಿಸಿದಳು. ಊರಿಗೆಲ್ಲ ಇರುವುದು ಎರಡೇ ಕಣ್ಣು, ಅವೂ ತನ್ನವೇ ಎಂಬಂತೆ.

ಒಂದು ಸಂಜೆ ಗಂಡ ಕೈ ತೊಳೆಯುತ್ತ, "ಒಂದ್ಸಲ ಮುಂದೆ ಹೋಗಿ ಅದನ್ನ ನೋಡು" ಎಂದ.

"ನಿಮ್ಮ ತಮ್ಮನ ಹೆಂಡತಿ ಅಂಗಡಿ ಮುಂದೆ ನಾನು ಬಾಯಿ ಬಿಟ್ಕೊಂಡು ನಿಲ್ಲಬೇಕಾ?"

ಅವನು ಟವೆಲ್ ತೆಗೆದುಕೊಂಡು ಹೋದ. ಮಾರನೆಯ ವಾರವೂ ಒಮ್ಮೆ ಹೇಳಿದ. ಅವಳು ಆಗಲೂ ಹೋಗಲಿಲ್ಲ.

ಕಪ್ಪು ಕಾಗದ ಕೀಳುವ ದಿನ ಬಂದಾಗ ಮಾತ್ರ ಅವಳು ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಮುಂದಿನ ಹಾಲಿಗೆ ಬಂದಳು. ನಿಜ ಹೇಳಬೇಕೆಂದರೆ ಅವಳು ಬಂದದ್ದು ತಮಾಷೆ ನೋಡಲು. ಕಾಗದ ಕಿತ್ತಾಗ ಎರಡು ಅರ್ಧಗಳೂ ಒಂದೇ ಬಣ್ಣದಲ್ಲಿರುತ್ತವೆ; ಬೂದಿರಾಯ ಬಾಯಿ ತೆರೆಯುತ್ತಾನೆ; ಯಜಮಾನಿ ಹುಬ್ಬು ಗಂಟಿಕ್ಕುತ್ತಾಳೆ; ಚಿಕ್ಕವಳಿಗೆ ನಿಂತ ನೆಲ ಸಾಲದಾಗುತ್ತದೆ. ಯಾರಾದರೂ ತನ್ನನ್ನು ಕೇಳಿದರೆ, ಹಳೆಯ ಬಣ್ಣ ನೋಡಿ, ಕೆಲವು ಗಟ್ಟಿ ಇರುತ್ತವೆ ಎಂದು ಹೇಳಲು ಮಾತನ್ನೂ ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಆಮೇಲೆ ಒಂದು ದಿನ ಹೇಗೋ ನಕಲನ್ನು ತೆಗೆದು ಅಸಲನ್ನು ಡ್ರಾಯರಿಗೆ ಸೇರಿಸಿದರಾಯಿತು. ಹೇಗೆ ಎಂಬುದನ್ನು ಯೋಚಿಸಿರಲಿಲ್ಲ. ಕೋಪದ ಕೈಯಲ್ಲಿ ಮಾಡಿದ ಕೆಲಸಕ್ಕೆ ಹಿಂದೂ ಇರಲ್ಲ, ಮುಂದೂ ಇರಲ್ಲ.

ಫ್ರೇಮನ್ನು ಕಿಟಕಿಯಿಂದ ತಂದು ಹಾಲಿನ ನಡುವೆ ನಿಲ್ಲಿಸಿದರು. ಜನ ತುಂಬಿದ್ದರು. ಬೂದಿರಾಯ ಭಾಷಣ ಮಾಡದೆ ಕಪ್ಪು ಕಾಗದದ ತುದಿ ಹಿಡಿದು ಎಳೆದ.

ಮುಚ್ಚಿದ್ದ ಅರ್ಧದಲ್ಲಿ ನೇರಳೆ ಆಕಾಶ ಹಾಗೇ ಇತ್ತು, ಹೊಳೆ ಹಾಗೇ ಇತ್ತು, ದೋಣಿಯ ಹಿಂದಿನ ತುದಿ ಹಾಗೇ ಇತ್ತು. ತೆರೆದಿದ್ದ ಅರ್ಧದಲ್ಲಿ ಆಕಾಶ ಕೆಸರಿನ ಬಣ್ಣಕ್ಕೆ ತಿರುಗಿತ್ತು. ನೀರಿನ ನೀಲಿ ಇಲ್ಲವೇ ಇಲ್ಲ, ಬರಿಯ ಕಾಗದ. ಕೊಡೆಯ ಕೆಂಪು ಒಣಗಿದ ತುಟಿಯ ಹಾಗೆ. ನಡುವಿನ ಗೆರೆ ಚೂರಿಯಿಂದ ಕೊಯ್ದಷ್ಟು ನೇರವಾಗಿ ದೋಣಿಗಿತ್ತಿಯ ಭುಜದ ಮೇಲೆ ಹಾದುಹೋಗಿತ್ತು.

 ಆಮೇಲೆ ಚಪ್ಪಾಳೆ ಎದ್ದಿತು. ಅತ್ತೆಯೂ ಕೂತಲ್ಲಿಂದಲೇ ತಟ್ಟಿದರು.

ದೊಡ್ಡವಳ ಕಣ್ಣು ಕೊಡೆಯ ಅಂಚಿಗೆ ಹೋಗಿತ್ತು. ಅಲ್ಲಿ ಹಲಗೆಯ ಗಂಟೊಂದು ಮೂಡಿಸಿದ ಸಣ್ಣ ಸುಳಿ. ನಕಲಿನಲ್ಲಿ ಆ ಸುಳಿ ಇಲ್ಲ. ಮಾವ ಅವಳಿಗೆ ಮೊದಲು ಕಲಿಸಿದ ಗುರುತೇ ಅದು. ಬಣ್ಣ ಹೋಗಿದ್ದರೂ ಸುಳಿ ಹೋಗಿರಲಿಲ್ಲ. ತಲೆಯೆತ್ತಿ ನೋಡಿದಳು. ಹಾಲಿನಲ್ಲಿದ್ದವರೆಲ್ಲ ಚಿತ್ರ ನೋಡುತ್ತಿದ್ದರೆ ಚಿಕ್ಕವಳೊಬ್ಬಳು ಮಾತ್ರ ಅವಳನ್ನೇ ನೋಡುತ್ತ ನಿಂತಿದ್ದಳು.

ಕೂಗಬೇಕೆನಿಸಿತು. ಏನೆಂದು ಕೂಗುವುದು? ನಾನು ಕದ್ದಿಟ್ಟದ್ದನ್ನು ಯಾರೋ ಕದ್ದರು ಎಂದೇ? ಮೆಟ್ಟಿಲು ಹತ್ತಿ ಹೋಗಿ ಬೀರು ತೆಗೆದಳು. ಸ್ವೆಟರುಗಳು ಮಡಿಸಿದ ಹಾಗೇ ಇದ್ದವು. ರಟ್ಟುಗಳೂ ಇದ್ದವು, ದಾರದ ಗಂಟೂ ಅವಳು ಹಾಕಿದಂಥದ್ದೇ. ಬಿಚ್ಚಿದರೆ ಒಳಗೆ ನಕಲು. ಬಿಸಿಲು ಕಂಡು ಬಂದರೂ ಒಂದು ಚೂರೂ ಮಾಸದ ಬಣ್ಣದಲ್ಲಿ ಅದು ಅವಳನ್ನು ನೋಡಿತು. ಅವಳು ಬೀರುವಿನ ಮುಂದೆ ನೆಲದ ಮೇಲೆ ಕೂತಳು. ಕೆಳಗೆ ನಗು, ಲೋಟಗಳ ಸದ್ದು ಬಹಳ ಹೊತ್ತಿನವರೆಗೆ ಕೇಳುತ್ತಿತ್ತು.

ಮಾರನೆಯ ಬೆಳಿಗ್ಗೆ ಚಿಕ್ಕವಳು ತಾನಾಗಿಯೇ ಹಿಂದಿನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು.

"ಹೇಗೆ ಗೊತ್ತಾಯ್ತು?" ದೊಡ್ಡವಳು ಕೇಳಿದಳು.

"ನೀವು ಅಳಲಿಲ್ಲ ಅಕ್ಕ. ಕಿಟಕಿಗೆ ಹಾಕಿದ ದಿನ ಮನೆ ಹೊತ್ತಿಸ್ತೀರಿ ಅಂತ ಕಾದಿದ್ದೆ. ನೀವು ಚೆನ್ನಾಗಿ ಊಟ ಮಾಡಿದ್ರಿ. ಬಡಿಸಿಕೊಂಡು ಎರಡನೇ ಸಲ ಊಟ ಮಾಡಿದ್ರಿ. ಆವತ್ತೇ ಅನುಮಾನ ಬಂತು. ಅರ್ಧ ಬೇಸಿಗೆ ಕಳೆದ್ರೂ ಬಣ್ಣ ಮಾಸದಿದ್ದಾಗ ಖಾತ್ರಿಯಾಯ್ತು. ಬೀರು ಹುಡುಕೋಕೆ ಎಷ್ಟು ಹೊತ್ತು? ಹಬೆ, ಗಿಬೆ ಏನೂ ಇರಲಿಲ್ಲ."

"ನನ್ನನ್ನ ಕೇಳಬಹುದಿತ್ತು."

"ನೀವು ನನ್ನನ್ನ ಕೇಳಿ ಬದಲಾಯಿಸಿದ್ರಾ? ನೀವು ಕದ್ದಿದ್ದನ್ನ ನಾನು ವಾಪಸ್ ಇಟ್ಟೆ. ಇದರಲ್ಲಿ ನನ್ನ ತಪ್ಪೇನು ಹೇಳಿ." ಚಿಕ್ಕವಳು ಮತ್ತೆ ಹೇಳಿದಳು: "ಒಂದು ಮಾತು. ನೀವು ಒಂದೇ ಒಂದು ದಿನ ಕಿಟಕಿ ಮುಂದೆ ನಿಂತು ನೋಡಿದ್ರೆ, ಆ ಕ್ಷಣವೇ ಇಳಿಸಿಬಿಡೋಣ ಅಂತ ಇದ್ದೆ. ಪ್ರತಿ ದಿನ ಕಾದೆ. ಅಷ್ಟು ದೊಡ್ಡ ಕಣ್ಣು ನಿಮ್ಮದು. ಎತ್ತಲಿಲ್ಲ."

ಆ ಮಾತು ನಿಜವೋ, ಗಾಯಕ್ಕೆ ಉಪ್ಪು ಹಾಕಲು ಹೇಳಿದ್ದೋ ದೊಡ್ಡವಳಿಗೆ ತಿಳಿಯಲಿಲ್ಲ. ಮುಂದೆಯೂ ಎಂದೂ ತಿಳಿಯಲಿಲ್ಲ. ಆದರೆ ಅವಳ ಬುದ್ಧಿ ಅಷ್ಟರಲ್ಲಿ ಎಚ್ಚರಗೊಂಡಿತ್ತು. ಸೋತವಳಿಗೆ ಸಿಟ್ಟು ಊರುಗೋಲು.

"ಇಡೀ ಬೇಸಿಗೆ ಬಿಸಿಲಲ್ಲಿ ಇತ್ತು ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದೀಯಲ್ಲ ಆ ಯಜಮಾನಿಗೆ?"

ಚಿಕ್ಕವಳು ಮುಚ್ಚಿದ ಬಾಗಿಲ ಕಡೆಗೊಮ್ಮೆ ನೋಡಿದಳು.

"ಅರ್ಧ ಬೇಸಿಗೆ ನಕಲಿತ್ತು. ಅದು ನಿನಗೆ ಗೊತ್ತಿದ್ದೂ ಸಹಿ ಹಾಕಿದೆ. ಬೂದಿರಾಯನಿಗೆ ಹೇಳ್ಲಾ? ಅವನು ಫೋಟೋ ಎಲ್ಲಾ ಇಟ್ಟುಕೊಂಡಿದ್ದಾನೆ, ಜೋಡಿಸಿ ನೋಡಿದ್ರೆ ಗೊತ್ತಾಗುತ್ತೆ."

"ಹೇಳಿದ್ರೆ ನೀವು ಕಳ್ಳಿ ಅಂತ ಗೊತ್ತಾಗುತ್ತೆ."

"ಆಗಲಿ. ನನಗೆ ಹೋಗೋ ಮಾನ ಎಷ್ಟಿದೆ? ನನ್ನ ಗಿರಾಕಿಗಳೆಲ್ಲ ಮುದುಕರು, ಎರಡು ದಿನಕ್ಕೆ ಮರೀತಾರೆ. ನಿನ್ನವರು ಮರೆಯಲ್ಲ."

ಹೀಗೆ ಇಬ್ಬರ ಜುಟ್ಟೂ ಇಬ್ಬರ ಕೈಗೆ ಸಿಕ್ಕಿತು. ಎಳೆದರೆ ಇಬ್ಬರಿಗೂ ನೋವು, ಬಿಟ್ಟರೆ ಇಬ್ಬರಿಗೂ ಹೆದರಿಕೆ. ದೊಡ್ಡವಳು ಕೇಳಿದ್ದು ಇಷ್ಟು: ಹಿಂದಿನ ಕೋಣೆ, ಡ್ರಾಯರುಗಳು, ಅದರೊಳಗಿನ ಒಂದೊಂದು ಹಾಳೆಯೂ ತನ್ನ ಹೆಸರಿಗೆ ಆಗಬೇಕು, ನಡುವೆ ಗೋಡೆ ಏಳಬೇಕು, ಪಕ್ಕದ ಬಾಗಿಲಿಗೆ ಬೇರೆ ಬೋರ್ಡು ಬರಬೇಕು. ಇದನ್ನು ಅತ್ತೆಯ ಬಾಯಿಂದ ಹೇಳಿಸುವ ಕೆಲಸ ಚಿಕ್ಕವಳದ್ದು. ಚಿಕ್ಕವಳು ಅದನ್ನು ಹೇಗೆ ಹೇಳಿಸಿದಳೋ, ವಾರದೊಳಗೆ ಅತ್ತೆ ಇಬ್ಬರನ್ನೂ ಕೂರಿಸಿಕೊಂಡು, ದಿನಾ ಕಚ್ಚಾಡುವುದಕ್ಕಿಂತ ಪಾಲಾಗುವುದೇ ವಾಸಿ ಎಂದು ತಮಗೇ ಹೊಳೆದ ಬುದ್ಧಿಯೆಂಬಂತೆ ಹೇಳಿದರು.

ಗಂಡನೊಡನೆ ಮಾತಾಡುವುದು ಬಾಕಿ ಇತ್ತು. ಅವನು ಉಳಿಗೆ ಸಾಣೆ ಹಿಡಿಯುತ್ತಿದ್ದಾಗ ಹೋಗಿ ಎದುರು ನಿಂತಳು.

"ನಿಮಗೆ ಗೊತ್ತಿತ್ತು."

"ಎರಡು ಸಲವೂ ಗೊತ್ತಿತ್ತು," ಎಂದ. "ಅಪ್ಪ ನಿನಗೆ ಹೇಳಿಕೊಡುವಾಗ ನಾನು ಇಲ್ಲೇ ಕೂತಿರ್ತಿದ್ದೆ. ಕಿವಿ ಇತ್ತಲ್ಲ ನನಗೂ."

"ಬಾಯಿ ಇರಲಿಲ್ವಾ?"

"ಹೋಗಿ ನೋಡು ಅಂದೆ."

"ಅಷ್ಟು ಹೇಳಿದ್ರೆ ಸಾಕಾ?"

ಅವನು ಉಳಿಯ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. "ನೀನು ಮಾಡಿದ್ದನ್ನ ಅವರಿಗೆ ಹೇಳಲಿಲ್ಲ. ಅವಳು ಮಾಡಿದ್ದನ್ನ ನಿನಗೆ ಹೇಳಲಿಲ್ಲ. ಇಬ್ಬರಿಗೂ ಒಂದೇ ನ್ಯಾಯ."

"ನಾನು ನಿಮ್ಮ ಹೆಂಡತಿ," ಎಂದಳು.

ಅವನು ಸಾಣೆಕಲ್ಲಿಗೆ ಇನ್ನೆರಡು ಹನಿ ಎಣ್ಣೆ ಬಿಟ್ಟುಕೊಂಡ. ಚಿಕ್ಕವಳ ಮೇಲೆ ಅವಳಿಗಿದ್ದದ್ದು ದ್ವೇಷ. ಅದಕ್ಕೆ ಬಿಸಿ ಇತ್ತು, ಅದನ್ನು ಹಿಡಿದು ಬದುಕಬಹುದಿತ್ತು. ಗಂಡನ ವಿಷಯದಲ್ಲಿ ಒಳಗೇನೋ ತಣ್ಣಗಾಗಿಹೋಯಿತು. ಅಂದಿನಿಂದ ಅವನೊಡನೆ ಅವಳ ಮಾತು ಫ್ರೇಮಿನ ಉದ್ದ ಅಗಲಕ್ಕೆ ಸೀಮಿತವಾಯಿತು. ಅವನೂ ಹೆಚ್ಚು ಕೇಳಲಿಲ್ಲ. ಗೋಡೆಯ ಎರಡೂ ಕಡೆಗೆ ಫ್ರೇಮು ಕಟ್ಟಿಕೊಡುತ್ತ, ಎರಡೂ ಕಡೆಯಿಂದ ಕೂಲಿ ತೆಗೆದುಕೊಳ್ಳುತ್ತ ಇದ್ದ.

ಗೋಡೆ ಎದ್ದಿತು. ಹಲ್ಲಿನ ಡಾಕ್ಟರು ಹೊಸ ಬಾಗಿಲಿನಿಂದ ಬಂದು, ಈಗ ಇದು ನಿಮ್ಮದೇ ಅಂಗಡಿ ಎಂದು ಸಂತೋಷಪಟ್ಟರು. ಅವರಿಗೆ ತೋರಿಸಲು ಒಂದು ಹಾಳೆ ತೆಗೆದಾಗ ದೊಡ್ಡವಳು ಅದನ್ನು ದೀಪಕ್ಕೆ ಹಿಡಿದಳು, ತಿರುವಿ ಹಿಂಬದಿ ನೋಡಿದಳು, ಮತ್ತೆ ದೀಪಕ್ಕೆ ಹಿಡಿದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಅಲ್ಲೇ ಮುಂದಿನ ಕಿಟಕಿಯಲ್ಲಿ ಇಷ್ಟು ದಿನ ಸಾಯುತ್ತಿದ್ದದ್ದನ್ನು ಗುರುತಿಸಿದವರು ಇವರು, ನಕ್ಕವಳು ತಾನು. ಯಾಕೆ, ಏನಾದರೂ ಅನುಮಾನವೇ ಎಂದು ಡಾಕ್ಟರು ಕೇಳಿದರು. "ನೀವೇ ನೋಡಿ ಹೇಳಿ," ಎಂದು ಹಾಳೆಯನ್ನು ಅವರ ಮುಂದೆ ಸರಿಸಿದಳು.

ಮೇಲೆ ಅಡುಗೆಮನೆ ಮಾತ್ರ ಒಂದೇ ಉಳಿಯಿತು. ಅದನ್ನು ಪಾಲು ಮಾಡಲು ಅತ್ತೆ ಒಪ್ಪಲಿಲ್ಲ. ಉಪ್ಪು ಕೈಯಿಂದ ಕೈಗೆ ದಾಟುತ್ತಿತ್ತು, ಮಾತಿಲ್ಲದೆ.

ಮುಂದಿನ ಬೇಸಿಗೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಪಕ್ಕದ ಬಾಗಿಲ ಗಂಟೆ ಬಡಿಯಿತು. ಚಿಕ್ಕವಳು ಗಿರಾಕಿಯ ಹಾಗೆ ಒಳಗೆ ಬಂದು ನಿಂತಿದ್ದಳು. ಯಜಮಾನಿಯ ಮನೆಯಲ್ಲಿ ‘ಬೇಸಿಗೆ’ ನೋಡಿದ ಇನ್ನೊಬ್ಬರು ತಮಗೂ ಅಂಥದ್ದೇ ಬೇಕೆಂದು ಹಿಡಿದಿದ್ದಾರಂತೆ. ಬೂದಿರಾಯ ಒಪ್ಪಿದ್ದಾನಂತೆ. ನಿಮ್ಮ ಸರಕು, ನಿಮ್ಮ ಬೆಲೆ, ಎಷ್ಟು ಹೇಳಿದರೂ ಕೊಡುತ್ತಾರೆ ಎಂದಳು.

ದೊಡ್ಡವಳು ಹಾಳೆಯೊಂದರ ಅಂಚಿಗೆ ತೇಪೆ ಹಚ್ಚುತ್ತಿದ್ದಳು. ತಲೆಯೆತ್ತದೆ, "ಇಲ್ಲ" ಎಂದಳು.

"ಮುಖ ನೋಡಿ ಹೇಳಿ ಅಕ್ಕ."

ದೊಡ್ಡವಳು ಬ್ರಷ್ಷನ್ನು ಕೆಳಗಿಟ್ಟಳು. ಕುರ್ಚಿಯಿಂದ ಎದ್ದು ಅವಳ ಹತ್ತಿರಕ್ಕೆ ಹೋಗಿ ನಿಂತಳು. ಕಪಾಟಿನ ಮೇಲಿನ ದೀಪದಲ್ಲಿ ಚಿಕ್ಕವಳ ಕೆನ್ನೆಯ ಮೂಳೆ, ಕಿವಿಯ ಪಕ್ಕ ಹೊಸದಾಗಿ ಬಂದ ಬಿಳಿ ಕೂದಲು, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಮೇಲಿನಿಂದ ಕೆಳಗಿನವರೆಗೆ, ಅವಸರವಿಲ್ಲದೆ ನೋಡಿದಳು. ಚಿಕ್ಕವಳು ಕಣ್ಣು ತಗ್ಗಿಸಲಿಲ್ಲ. ತಗ್ಗಿಸುವ ಜಾತಿಯವಳೂ ಅಲ್ಲ.

"ನೋಡಿದೆ," ಎಂದಳು ದೊಡ್ಡವಳು. "ಇಲ್ಲ."

ಚಿಕ್ಕವಳು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಬಂದು, ಅಂಟು ಒಣಗುವುದರೊಳಗೆ ತೇಪೆಯ ಕೆಲಸ ಮುಗಿಸಿದಳು.